ಕಡಲೆಕಾಯಿ ಹಾಲಿನ ಹೆಪ್ಪು

ಕರುವಿನ ಪಾಲು ಕಸಿಯುವುದು ಪಾಪವೆಂದು ಮಗಳು ಅಕ್ಷತಾ ಹಾಲು, ಮೊಸರು ಬಿಟ್ಟಾಗ ಉಪ್ಪಾರಹಳ್ಳಿಯ ಶಿವರುದ್ರಮ್ಮ ಸಿಡುಕಿದ್ದರು: "ಹಂಗಾದ್ರೆ ನಾವೆಲ್ಲ ಪಾಪಿಗಳೇನೇ?"

ಜ್ವರದ ಮಾತ್ರೆಗಳಿಂದ ಅಕ್ಷತಾಳ ಹೊಟ್ಟೆ ಕೆಟ್ಟಿತು. ಡಾಕ್ಟರು ಮೊಸರು ತಿನ್ನಲು ಹೇಳಿದರು. ಹಸುವಿನದು ಒಲ್ಲದೆ ಅವಳು ಕಡಲೆಕಾಯಿ ಬೀಜದ ಹಾಲಿಗೆ ಹೆಪ್ಪಿನ ಬದಲು ಮೆಣಸಿನಕಾಯಿ ತೊಟ್ಟು ಹಾಕಿಟ್ಟಳು, ಮೊಸರಾಗಲಿಲ್ಲ. ಮಗಳ ಬಾಡಿದ ಮುಖ ನೋಡಲಾರದೆ ಶಿವರುದ್ರಮ್ಮ, ಅವಳು ಸ್ನಾನಕ್ಕೆ ಹೋದಾಗ, ಅದಕ್ಕೆ ಒಂದು ಚಮಚ ಹಸುವಿನ ಮೊಸರು ಕಲಸಿಬಿಟ್ಟರು.

ಗಟ್ಟಿ ಮೊಸರಾಯಿತು. ಹೊಟ್ಟೆಯೂ ಸರಿಹೋಯಿತು. ಅಂದಿನಿಂದ ಅಕ್ಷತಾ ಅದೇ ಮೊಸರನ್ನು ದಿನವೂ ಹೊಸ ಹಾಲಿಗೆ ಹೆಪ್ಪು ಹಾಕುತ್ತಾಳೆ. ಅವಳು ಅದನ್ನು ಉಣ್ಣುವಾಗ ಶಿವರುದ್ರಮ್ಮ ಏನಾದರೂ ನೆಪ ಹೇಳಿ ಹಿತ್ತಲಿಗೆ ಹೋಗುತ್ತಾರೆ.

ಇವತ್ತು ಅಕ್ಷತಾ ಚಿಕ್ಕ ಡಬ್ಬಿಗೆ ಮೊಸರು ತುಂಬಿದಳು. "ಅಮ್ಮ, ಗುಬ್ಬಿಲಿರೋ ನನ್ ಫ್ರೆಂಡೂ ಹಾಲು ಬಿಟ್ಟವ್ಳೆ. ಅವ್ಳಿಗೂ ನಮ್ ಹೆಪ್ಪೇ ಕೊಡ್ತೀನಿ."

"ಕೊಡು ಕಣೇ," ಎಂದ ಶಿವರುದ್ರಮ್ಮ ಮುಖ ತಿರುಗಿಸಿ, ತೊಳೆದಿಟ್ಟಿದ್ದ ಚಮಚವನ್ನೇ ಮತ್ತೆ ಉಜ್ಜತೊಡಗಿದರು.