ಬಸ್ಸಿನ್ಯಾಗ ಹೋಗ್ತೀನಿ ಅಂದಿದ್ದೆ

ರಜೆ ಮುಗಿದು ನಾನು ಫಿಲಿಪೈನ್ಸಿಗೆ ಮರಳಲು ಇನ್ನು ಹನ್ನೆರಡು ದಿನ ಇದ್ದವು. ವಿಜಯಪುರದ ಇಬ್ರಾಹಿಂಪುರ ಬಡಾವಣೆಯ ನಮ್ಮ ಮನೆಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆ ಎತ್ತದೆಯೇ ಹೇಳಿದರು.

"ಈ ಸಲ ನಿನ್ನ ಕೂಡ ನಾನೂ ಬರ್ತೀನಿ. ಒಂದ ತಿಂಗಳು ಇದ್ದು, ನೀ ಹ್ಯಾಂಗ ಇರ್ತಿ, ಏನ ಉಣ್ತಿ, ಎಲ್ಲಾ ನೋಡಿ ಬರ್ತೀನಿ."

ನಾನು ನಕ್ಕೆ. ನಗದೆ ಬೇರೇನೂ ತೋಚಲಿಲ್ಲ. "ಅಷ್ಟು ದೂರ ನಿಮಗ ತ್ರಾಸ ಆಗ್ತೈತ್ರಿ ಅಮ್ಮಿ" ಅಂದೆ.

"ಉಮ್ರಾಕ್ಕ ಹೋಗಿ ಬಂದಾಕಿ ನಾ. ಪಾಸ್‌ಪೋರ್ಟ್ ಐತಿ, ಕಾಲೂ ಗಟ್ಟಿ ಅದಾವ." ರೊಟ್ಟಿ ಹಂಚಿಗೆ ಬಿತ್ತು, ಮಾತು ಅಲ್ಲಿಗೆ ಮುಗಿಯಿತು.

ಒಂದು ವರ್ಷದಿಂದ ನಾನು ಆ ಮನೆಗೆ ಒಂದು ಸುಳ್ಳು ಹೇಳಿಕೊಂಡು ಬಂದಿದ್ದೆ.

ನನ್ನ ತವರು ತಿಕೋಟಾ. ದ್ರಾಕ್ಷಿ ಒಣಗಿ ಮಣೂಕ ಆಗುವುದನ್ನು ನೋಡುತ್ತ ಬೆಳೆದವಳು. ಓದಿದ್ದೂ ಹಣ್ಣು ಒಣಗಿಸುವ, ಕೆಡದಂತೆ ಇಡುವ ವಿದ್ಯೆಯನ್ನೇ. ಮದುವೆಯಾಗಿ ವಿಜಯಪುರಕ್ಕೆ ಬಂದ ಮೇಲೂ ತಿಕೋಟಾ ರಸ್ತೆಯ ಒಂದು ಮಣೂಕದ ಘಟಕದಲ್ಲಿ ಕೆಲಸಕ್ಕಿದ್ದೆ. ಅಲ್ಲಿಗೆ ಬಂದಿದ್ದ ಖರೀದಿದಾರರೊಬ್ಬರಿಂದ ಫಿಲಿಪೈನ್ಸಿನ ಕೆಲಸದ ಸುದ್ದಿ ತಿಳಿಯಿತು. ಮಾವಿನ ಹೋಳು ಒಣಗಿಸುವ ಕಾರ್ಖಾನೆ, ಗುಣಮಟ್ಟ ನೋಡುವ ಕೆಲಸ, ಎರಡು ವರ್ಷದ ಕರಾರು. ನನ್ನ ಗಂಡನದು ಗೋಳಗುಮ್ಮಟದ ಎದುರು ಪ್ರವಾಸಿಗರ ಫೋಟೊ ತೆಗೆದು ಅಲ್ಲೇ ಪ್ರಿಂಟ್ ಹಾಕಿ ಕೊಡುವ ಅಂಗಡಿ. ಅವರು ನಾಲ್ಕು ದಿನ ಯೋಚನೆ ಮಾಡಿ ಹೋಗು ಅಂದರು. ಅತ್ತೆ ಮಾತ್ರ ಒಂದು ಷರತ್ತು ಹಾಕಿದರು: "ನೀರಿನ ದಾರಿ ಇರಬಾರದು."

ಅದಕ್ಕೆ ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆಯ ತವರು ಬಬಲೇಶ್ವರ. ನನ್ನ ಗಂಡ ಮೂರು ವರ್ಷದ ಕೂಸಾಗಿದ್ದಾಗ ಅವರನ್ನು ಎತ್ತಿಕೊಂಡು ತವರಿನಿಂದ ಬಸ್ಸಿನಲ್ಲಿ ಬರುತ್ತಿದ್ದರಂತೆ. ಡೋಣಿ ಹೊಳೆ ಸೇತುವೆಯ ಮೇಲೆ ಹರಿಯುತ್ತಿತ್ತು. ಡ್ರೈವರ್ ದಾಟಿಸುತ್ತೇನೆ ಎಂದು ಬಸ್ಸು ಇಳಿಸಿದ. ನಡುವೆ ನಿಂತಿತು. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಅತ್ತೆ ಸೀಟಿನ ಮೇಲೆ ನಿಂತು ಮಗನನ್ನು ತಲೆಯ ಮೇಲೆ ಹಿಡಿದಿದ್ದರಂತೆ. ಹಗ್ಗ ಹಾಕಿ ಎಲ್ಲರನ್ನೂ ಹೊರಗೆ ತೆಗೆದರು. ಆಮೇಲೆ ಮಳೆಗಾಲದಲ್ಲಿ ಅವರು ತವರಿಗೆ ಹೋಗುವುದನ್ನೇ ಬಿಟ್ಟರು.

ನಾನು ಫಿಲಿಪೈನ್ಸಿಗೆ ಹೋಗಿ ಇಳಿದ ಮೇಲೆ ತಿಳಿಯಿತು: ಕಾರ್ಖಾನೆ ಇದ್ದದ್ದು ಪಟ್ಟಣದಲ್ಲಿ, ಕೆಲಸದವರಿಗೆ ಕೊಟ್ಟ ಮನೆ ಎದುರಿನ ದ್ವೀಪದಲ್ಲಿ. ನಡುವೆ ಇಪ್ಪತ್ತು ನಿಮಿಷದ ಕಡಲು. ದಿನಾ ಎರಡು ಸಲ ದಾಟಬೇಕು, ಬಂಕಾ ಎಂದು ಅವರು ಕರೆಯುವ, ಎರಡೂ ಬದಿಗೆ ಬಿದಿರು ಕಟ್ಟಿದ ಮೋಟಾರು ದೋಣಿಯಲ್ಲಿ. ಮೊದಲ ಫೋನಿನಲ್ಲೇ ಅತ್ತೆ ಕೇಳಿದರು, "ಕೆಲಸಕ್ಕ ಹ್ಯಾಂಗ ಹೋಗ್ತಿ?" ನಾನು, "ಬಸ್ಸಿನ್ಯಾಗ ಹೋಗ್ತೀನ್ರಿ" ಅಂದೆ. ಬಾಯಿಂದ ತಾನಾಗಿಯೇ ಬಂತು.

ಒಂದು ಹೇಳಿದ ಮೇಲೆ ಉಳಿದವು ಬೇಕೇ ಬೇಕಾದವು. ಬಸ್ಸು ತುಂಬಿರುತ್ತದೆ, ಕಂಡಕ್ಟರ್ ಒಳ್ಳೆಯವನು, ಕಿಟಕಿ ಪಕ್ಕ ಜಾಗ ಸಿಕ್ಕಿತು. ವಿಡಿಯೊ ಮಾಡುವಾಗ ಕಿಟಕಿಯ ಕಡಲು ಕಾಣದಂತೆ ಬಟ್ಟೆಯ ಕಪಾಟಿಗೆ ಬೆನ್ನು ಕೊಟ್ಟು ಕೂಡುತ್ತಿದ್ದೆ. ಭಾನುವಾರ ಜೊತೆಯವರು ಸಣ್ಣ ಸಣ್ಣ ದ್ವೀಪಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಬಿಳಿ ಮರಳು, ಗಾಜಿನಂಥ ನೀರು, ಸುಟ್ಟ ಮೀನು. ಆ ಫೋಟೊಗಳನ್ನು ಗಂಡನಿಗೂ ಕಳಿಸಲಿಲ್ಲ. ಫೋಟೊ ತೆಗೆಯುವುದೇ ಕೆಲಸವಾದ ಮನುಷ್ಯನಿಗೆ ನನ್ನ ಒಂದು ವರ್ಷದ ಒಂದೇ ಒಂದು ಒಳ್ಳೆಯ ಫೋಟೊ ಸಿಗಲಿಲ್ಲ.

ಮುಂಬೈವರೆಗೆ ರೈಲಿನಲ್ಲಿ ಹೇಳಬೇಕೆಂದುಕೊಂಡೆ. ವಿಮಾನದಲ್ಲಿ ಹೇಳಬೇಕೆಂದುಕೊಂಡೆ. ಮನಿಲಾದಲ್ಲಿ ಎರಡನೆಯ ವಿಮಾನಕ್ಕೆ ಕಾಯುವಾಗ "ಅಮ್ಮಿ, ಒಂದ ಮಾತು" ಎಂದು ಬಾಯಿಯನ್ನೂ ತೆರೆದೆ. ಅವರು ಚೀಲದಿಂದ ಶೇಂಗಾ ಚಟ್ನಿ ಸವರಿದ ರೊಟ್ಟಿ ತೆಗೆದು ನನ್ನ ಕೈಗೆ ಕೊಟ್ಟರು. ಮಾತು ರೊಟ್ಟಿಯ ಜೊತೆ ಒಳಗೆ ಹೋಯಿತು.

ಕೊನೆಗೆ ಟ್ಯಾಕ್ಸಿ ನಮ್ಮನ್ನು ದೋಣಿ ನಿಲ್ಲುವ ದಕ್ಕೆಯ ಮುಂದೆ ಇಳಿಸಿತು. ಕೋಳಿಯ ಬುಟ್ಟಿ, ಅಕ್ಕಿಯ ಚೀಲ, ಶಾಲೆಯ ಮಕ್ಕಳು, ಎಲ್ಲ ಹಲಗೆಯ ಮೇಲೆ ನಡೆದು ದೋಣಿಗೆ ಏರುತ್ತಿದ್ದವು.

"ಬಸ್ಸ ಎಲ್ಲೈತಿ?" ಅತ್ತೆ ಕೇಳಿದರು.

ಅವರು ನನ್ನ ಮುಖ ನೋಡಿದರು, ದೋಣಿ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಬಿಡಿಸಿ ಹೇಳುವುದೇನೂ ಉಳಿಯಲಿಲ್ಲ.

"ದಿನಾ ಇದರಾಗ?"

"ಹೌದ್ರಿ."

"ನನ್ನ ಮಗಗ ಗೊತ್ತೈತಿ?"

"ಇಲ್ರಿ."

ಅವರು ಬ್ಯಾಗಿನ ಮೇಲೆ ಕೂತುಬಿಟ್ಟರು. ಎರಡು ದೋಣಿ ಹೋದವು, ಮೂರನೆಯದೂ ಹೋಯಿತು. ಬಿಸಿಲು ನೆತ್ತಿಗೆ ಬಂತು. ನಾನು ಹೋಟೆಲಿನಲ್ಲಿ ಇರೋಣ ಅಂದೆ, ವಾಪಸ್ ಟಿಕೆಟ್ ತೆಗೆಸುತ್ತೇನೆ ಅಂದೆ. ನಾಲ್ಕನೆಯ ದೋಣಿ ಬಂದಾಗ ತಾವಾಗಿಯೇ ಎದ್ದರು. ಹಲಗೆಯ ಮೇಲೆ ನನ್ನ ಕೈ ಹಿಡಿಯಲಿಲ್ಲ, ದೋಣಿಯವನ ಕೈ ಹಿಡಿದರು. ಇಪ್ಪತ್ತು ನಿಮಿಷವೂ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ ಕೂತಿದ್ದರು.

ಮೂರು ದಿನ ನನ್ನ ಕೂಡ ಮಾತಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿ ಮೇಜಿನ ಮೇಲೆ ಇಡುತ್ತಿದ್ದರು, ಅಷ್ಟೇ. ಅಲ್ಲಿ ಹಂದಿಮಾಂಸ ಎಲ್ಲದರಲ್ಲೂ ಇರುತ್ತದೆ ಎಂದು ಕೇಳಿದ್ದರಿಂದ ಹೊರಗಿನ ಬಿಸ್ಕತ್ತನ್ನೂ ಮುಟ್ಟಲಿಲ್ಲ. ಊರಿಂದ ತಂದ ಜೋಳದ ಹಿಟ್ಟಿನಲ್ಲಿ ಬಾಣಲೆಯನ್ನೇ ಹಂಚು ಮಾಡಿಕೊಂಡು ರೊಟ್ಟಿ ಬೇಯಿಸಿದರು. ಸಂಜೆ ನಾನು ಬರುವ ಹೊತ್ತಿಗೆ ಕಿಟಕಿಯಲ್ಲಿ ಅವರ ತಲೆ ಕಾಣುತ್ತಿತ್ತು. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಅಲ್ಲಿರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಮಾವಿನ ಹೋಳಿನ ಬಣ್ಣ ನೋಡಿದರೂ ತಲೆಗೆ ಹತ್ತುತ್ತಿರಲಿಲ್ಲ. ಅತ್ತೆ ಮಗನಿಗೆ ಇವತ್ತು ಹೇಳಿರಬಹುದೇ, ನಾಳೆ ಹೇಳಬಹುದೇ ಎಂದು ಫೋನು ರಿಂಗಾದಾಗಲೆಲ್ಲ ಮೊದಲು ಹೆಸರು ನೋಡುತ್ತಿದ್ದೆ.

ಮೌನ ಮುರಿದದ್ದು ನಮ್ಮ ಕಾರ್ಖಾನೆಯ ಪ್ಯಾಕಿಂಗಿನಲ್ಲಿದ್ದ ಅಲ್ಲಿಯ ಹೆಣ್ಣುಮಗಳು. ಪಕ್ಕದ ಮನೆಯವಳು. ಅತ್ತೆಯನ್ನು "ನಾನಾಯ್" ಎನ್ನುತ್ತಿದ್ದಳು; ಅವರ ಭಾಷೆಯಲ್ಲಿ ಅವ್ವ ಎಂದು ಅರ್ಥ. ಅತ್ತೆ ಅವಳಿಗೆ ರೊಟ್ಟಿ ಕೊಟ್ಟರು, ಅವಳು ಎಳನೀರು ತಂದಳು. ಎರಡನೆಯ ಭಾನುವಾರ ಅವಳು ಹಟ ಹಿಡಿದು ನಮ್ಮನ್ನು ಒಂದು ಸಣ್ಣ ದ್ವೀಪಕ್ಕೆ ಕರೆದೊಯ್ದಳು. ಅತ್ತೆ ಬುರ್ಖಾದ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು, ದೋಣಿ ಇಳಿದ ಮೇಲೂ ಬಿಚ್ಚದೆ, ಸಂಜೆಯವರೆಗೆ ಮರಳಿನಲ್ಲಿ ಕೂತರು. ನೀರಿಗೆ ಬೆನ್ನು ಹಾಕಲಿಲ್ಲ, ಒಂದು ಸಲವೂ.

"ಡೋಣಿ ಹೊಳ್ಯಾಗ ನೀರು ಕೆಂಪ ಇತ್ತು ಬೇ" ಅಂದರು ಒಮ್ಮೆಲೇ. "ಇಲ್ಲಿ ತಳಾ ಕಾಣತೈತಿ. ಆದ್ರೂ ನನಗ ಎರಡೂ ಒಂದ."

ಅದೇ ವಾರದ ಗುರುವಾರ ಗಾಳಿ ಎದ್ದಿತು.

ದೂರದಲ್ಲೆಲ್ಲೋ ಚಂಡಮಾರುತ ಇದೆ, ನಮ್ಮ ಕಡೆ ಬರುವುದಿಲ್ಲ ಎಂದು ಬೆಳಿಗ್ಗೆ ಹೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆ ಬೇಗ ಬಿಟ್ಟರು. ನಾನು ದಕ್ಕೆಗೆ ಬಂದಾಗ ಒಂದೇ ದೋಣಿ ಇತ್ತು. ಇದಾದ ಮೇಲೆ ಬಂದ್ ಎಂದು ಕಾವಲಿನವನು ಕೈ ಅಡ್ಡಡ್ಡ ಆಡಿಸಿದ. ಪಕ್ಕದ ಮನೆಯ ಗೆಳತಿ ಪಟ್ಟಣದಲ್ಲೇ ಅಕ್ಕನ ಮನೆಯಲ್ಲಿ ಉಳಿಯುತ್ತೇನೆ, ನೀನೂ ಬಾ ಅಂದಳು. ಭಾಷೆ ಬಾರದ ಊರಿನಲ್ಲಿ ಅತ್ತೆ ಒಬ್ಬರೇ ಇದ್ದರು. ನಾನು ಹತ್ತಿದೆ.

ಅರ್ಧ ದಾರಿಗೆ ಮಳೆ ಬಂತು. ಒಳಗೆ ನೀರು ಬಡಿಯದಿರಲೆಂದು ಎರಡೂ ಬದಿಯ ತಾಡಪತ್ರಿ ಇಳಿಸಿ ಕಟ್ಟಿದರು. ಗಾಳಿ ಎಡಗಡೆಯಿಂದ ಬಂದು ತಾಡಪತ್ರಿಯನ್ನು ಒತ್ತತೊಡಗಿತು. ದೋಣಿ ಬಲಕ್ಕೆ ವಾಲಿತು, ಆ ಬದಿಯ ಬಿದಿರು ನೀರಿನೊಳಗೆ ಹೋಗಿ ಮೇಲೆ ಬರಲೇ ಇಲ್ಲ. ಒಂದು ಅಲೆ ಅಂಚು ದಾಟಿ ಮಡಿಲಿಗೆ ಬಿತ್ತು. ಮೋಟಾರು ಎರಡು ಸಲ ಕೆಮ್ಮಿ ನಿಂತಿತು.

ದೋಣಿಯವನು ಕೂಗುತ್ತಿದ್ದ. ಅವನ ಮಾತು ನನಗೆ ತಿಳಿಯಲಿಲ್ಲ, ತಾಡಪತ್ರಿಯ ಕಡೆ ಕೈ ತೋರಿಸಿದ್ದು ತಿಳಿಯಿತು. ತಿಕೋಟಾದಲ್ಲಿ ಮಣೂಕದ ಶೆಡ್ಡಿಗೆ ಬದಿಗೆ ಕಟ್ಟಿದ ತಾಡಪತ್ರಿ ಗಾಳಿ ಹಿಡಿದರೆ ಕಂಬ ಸಮೇತ ಕಿತ್ತುಕೊಂಡು ಹೋಗುತ್ತದೆ. ಗಾಳಿ ಬಂದರೆ ಅಪ್ಪ ಮೊದಲು ಅದನ್ನು ಬಿಚ್ಚಲು ಓಡುತ್ತಿದ್ದರು. ನಾನು ಗಂಟಿಗೆ ಕೈ ಹಾಕಿದೆ. ನೆಂದ ಹಗ್ಗ ಕಲ್ಲಿನಂತಾಗಿತ್ತು. ಚೀಲದಲ್ಲಿ ಹೋಳು ಕತ್ತರಿಸಿ ನೋಡುವ ಸಣ್ಣ ಚಾಕು ಇತ್ತು. ಒಂದು ಹಗ್ಗ ಕೊಯ್ದೆ. ಪಕ್ಕದ ಮುದುಕ ನನ್ನನ್ನು ನೋಡಿ ಬೇರೆ ಗಂಟನ್ನು ಹಲ್ಲಿನಿಂದ ಎಳೆದ. ಎರಡನೆಯದು, ಮೂರನೆಯದು. ತಾಡಪತ್ರಿ ಪಟಪಟ ಬಡಿದು ಹಾರಿಹೋಯಿತು. ಮಳೆ ನೇರ ಮುಖಕ್ಕೆ ಬಂತು. ಬಿದಿರು ನಿಧಾನಕ್ಕೆ ಮೇಲೆದ್ದಿತು.

ಆಮೇಲೆ ಮೋಟಾರು ಹತ್ತಲೇ ಇಲ್ಲ. ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ನೀರು ಚೆಲ್ಲುತ್ತ, ಗಾಳಿ ಒಯ್ದ ಕಡೆ ಹೋದೆವು. ಎಷ್ಟು ಹೊತ್ತೋ ಗೊತ್ತಿಲ್ಲ. ನನಗೆ ಆಗ ದೊಡ್ಡ ವಿಚಾರ ಯಾವುದೂ ಬರಲಿಲ್ಲ. ಕಪಾಟಿಗೆ ಬೆನ್ನು ಕೊಟ್ಟು ಮಾತಾಡುತ್ತಿದ್ದ ನನ್ನ ಮುಖ ಗಂಡನಿಗೆ ಹೇಗೆ ಕಾಣುತ್ತಿತ್ತೋ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕೊನೆಗೆ ನಮ್ಮ ದ್ವೀಪದ ದಕ್ಕೆಯಿಂದ ಬಹಳ ಆಚೆ, ತೆಂಗಿನ ಮರಗಳ ಕೆಳಗಿನ ಒಂದು ದಂಡೆಗೆ ದೋಣಿ ತಾಗಿತು. ಯಾರೂ ಸಾಯಲಿಲ್ಲ. ಒಬ್ಬ ಹೆಂಗಸಿನ ಮುಂಗೈ ಮುರಿದಿತ್ತು.

ಬೈಕಿಗೆ ಗಾಡಿ ಕಟ್ಟಿದ ಅಲ್ಲಿಯ ಒಂದು ಟ್ರೈಸಿಕಲ್ ಹಿಡಿದು ದಕ್ಕೆಗೆ ಬಂದೆ. ಅತ್ತೆ ಅಲ್ಲಿದ್ದರು. ಈ ಕಡೆಯ ಕಾವಲಿನವನ ಅಂಗಿಯ ತೋಳು ಹಿಡಿದುಕೊಂಡು, ಕನ್ನಡದಲ್ಲಿ ಅವನನ್ನು ಬೈಯುತ್ತಿದ್ದರು. ನನ್ನನ್ನು ನೋಡಿ ಅವನ ತೋಳು ಬಿಟ್ಟರು. ಹತ್ತಿರ ಬಂದು ನನ್ನ ತಲೆ, ಭುಜ, ಕೈ ಒಂದೊಂದಾಗಿ ಒತ್ತಿ ನೋಡಿದರು.

"ಕೊನೀ ದೋಣಿ ಅಂತ ಗೊತ್ತಿದ್ದೂ ಯಾಕ ಹತ್ತಿದಿ?"

"ನೀವು ಒಬ್ಬರ ಇದ್ರಿ ಅಂತ..."

"ನಾ ನೆಲದ ಮ್ಯಾಲ ಇದ್ದೆ! ನೆಲದ ಮ್ಯಾಲ ಇದ್ದಾಕಿಗೆ ಏನ ಆಗ್ತಿತ್ತ ಬೇ?"

ಅಲ್ಲೇ ಕುಸಿದು ಕೂತರು. ನಾನೂ ಕೂತೆ. ಇಬ್ಬರೂ ಅತ್ತೆವು, ಮಳೆಯಲ್ಲಿ, ಕಾವಲಿನವನ ಮುಂದೆ.

ಮನೆಗೆ ಬಂದು ಬಟ್ಟೆ ಬದಲಿಸಿದ ಮೇಲೆ ಅತ್ತೆ ಹೇಳಿದರು: ನಾನು ಕಡಲಿನಲ್ಲಿದ್ದ ಹೊತ್ತಿನಲ್ಲೇ ಮಗನ ಫೋನು ಬಂದಿತ್ತು. "ಅಕಿ ಎಲ್ಲಿ ಅದಾಳ ಅಂದ. ಬಸ್ಸಿನ್ಯಾಗ ಬರಾಕತ್ತಾಳ ಅಂದ್ಬಿಟ್ಟೆ. ನೋಡು, ಎಷ್ಟ ಲಗೂನ ಬಂತು ಬಾಯಾಗ." ಒದ್ದೆ ಬುರ್ಖಾ ಹಿಂಡಿ ಹಗ್ಗಕ್ಕೆ ಹಾಕಿದರು. "ನಾಳೆ ನೀನ ಅವಗ ಹೇಳಬೇಕು. ನಾ ಹೇಳೂದಿಲ್ಲ. ಆಮ್ಯಾಲ ಈ ಮನಿ ಬಿಡಬೇಕು."

ಮರುದಿನ ಗಂಡನಿಗೆ ವಿಡಿಯೊ ಮಾಡಿ ಹೇಳಿದೆ, ಕಿಟಕಿಯ ಮುಂದೆ ಕೂತು, ಕಡಲು ಕಾಣುವಂತೆ. ಅವರು ಪೂರ್ತಿ ಕೇಳಿದರು. "ಒಂದ ವರ್ಷ" ಅಂದರು. "ಒಂದ ವರ್ಷ ನಾ ಅಂಗಡಿಯಾಗ ಕುಂತು ಮಂದಿಗೆ ನಿನ್ನ ಬಸ್ಸಿನ ಕತಿ ಹೇಳೀನಿ." ಫೋನಿಟ್ಟರು. ಮತ್ತೆ ಫೋನು ಮಾಡಿದ್ದು ತಾಯಿಗೆ, ನನಗಲ್ಲ.

ಕಾರ್ಖಾನೆಯ ಮ್ಯಾನೇಜರನ ಮುಂದೆ ನಿಂತು ಪಟ್ಟಣದಲ್ಲೇ ಒಂದು ಕೋಣೆ ಕೇಳಿದೆ. ಮೊದಲ ದಿನವೇ ಕೇಳಬಹುದಿತ್ತು; ಅವನು ಎರಡು ಮಾತಿಗೆ ಒಪ್ಪಿಕೊಂಡ. ಅತ್ತೆ ಬಂದು ಒಂದು ತಿಂಗಳಾದಾಗ ವಾರದ ರಜೆ ಹಾಕಿ ನಾನೇ ಅವರನ್ನು ವಿಜಯಪುರಕ್ಕೆ ಕರೆದುಕೊಂಡು ಬಂದೆ. ಸ್ಟೇಷನ್ನಿಗೆ ಬಂದಿದ್ದ ಗಂಡ ತಾಯಿಯ ಚೀಲ ತೆಗೆದುಕೊಂಡರು. ನನ್ನದನ್ನೂ ತೆಗೆದುಕೊಂಡರು, ಆದರೆ ಮುಖ ನೋಡಲಿಲ್ಲ. ಮನೆಯಲ್ಲಿ ಮೂರು ದಿನ ಉಪ್ಪು ಬೇಕಾದರೂ ತಾಯಿಯನ್ನೇ ಕೇಳಿದರು. ಅತ್ತೆ ನಡುವೆ ಬಾಯಿ ಹಾಕಲಿಲ್ಲ.

ನಾಲ್ಕನೆಯ ದಿನ ತವರಿಗೆ ಹೋಗಿ ಬರುತ್ತೇನೆ ಅಂದೆ. ಗಂಡ ಬೈಕು ತೆಗೆದರು. ತಿಕೋಟಾ ರಸ್ತೆಗೆ ಹೊರಳಿ ಬಹಳ ದೂರ ಬಂದ ಮೇಲೆ, ದ್ರಾಕ್ಷಿ ತೋಟದ ಬೇಲಿಯ ಹತ್ತಿರ ಒಮ್ಮೆಲೇ ನಿಲ್ಲಿಸಿದರು. ಇಳಿಯಲಿಲ್ಲ, ತಿರುಗಲೂ ಇಲ್ಲ.

"ಮೋಟಾರು ಬಂದ್ ಆದಾಗ ಏನ ಮಾಡಿದಿ?"

ಹೇಳಿದೆ. ಚಾಕುವಿನ ಮಾತು, ಹಲ್ಲಿನಿಂದ ಗಂಟು ಎಳೆದ ಮುದುಕನ ಮಾತು, ಕ್ಯಾನಿನಲ್ಲಿ ನೀರು ಚೆಲ್ಲಿದ್ದು. ನಡುವೆ ಒಂದು ಬಸ್ಸು ಹೊನವಾಡದ ಕಡೆ ಹೋಯಿತು; ಅದರ ಸದ್ದು ಇಳಿಯುವವರೆಗೆ ಕಾದು ಉಳಿದದ್ದು ಹೇಳಿದೆ. ಅವರ ಕೈ ಹ್ಯಾಂಡಲ್ ಮೇಲೇ ಇತ್ತು.

"ನನಗ ಹೇಳಿದ್ರ ಬ್ಯಾಡ ಅಂತಿದ್ನೇನ?"

"ಅಮ್ಮಿಗೆ ಹೇಳ್ತಿದ್ರಿ."

ಅವರು ಬೈಕಿನ ಕೀಲಿ ತಿರುಗಿಸಿದರು. "ಉಳಿದ ಕರಾರು ಮುಗಿಸಿ ಬಾ" ಅಂದರು. "ಆದ್ರ ನೀರಿಗೆ ಇಳಿಯೂ ಮುಂದ ಹೇಳು. ದಂಡಿಗೆ ಬಂದ ಮ್ಯಾಲ ಹೇಳು. ಅಷ್ಟ ಸಾಕು ನನಗ."

ಹಾಗೆಯೇ ಮಾಡಿದೆ. ಕರಾರು ಮುಗಿಯುವವರೆಗೆ, ಭಾನುವಾರ ಯಾವ ದ್ವೀಪಕ್ಕೆ ಹೊರಟರೂ ದಕ್ಕೆಯಿಂದ ಒಂದು ಸಂದೇಶ, ಆ ದಂಡೆಯಿಂದ ಇನ್ನೊಂದು. ಕೆಲವು ವಾರ ಅವರಿಂದ ಒಂದಕ್ಷರವೂ ಬರಲಿಲ್ಲ. ಆಮೇಲೊಂದು ಭಾನುವಾರ ಬಂತು: "ಫೋಟೊ ಕಳಿಸು. ಬೆಳಕು ಬೆನ್ನಿಗೆ ಬರೋ ಹಂಗ ನಿಲ್ಲಬ್ಯಾಡ." ನಾನು ಬಿಸಿಲಿಗೆ ಮುಖ ಮಾಡಿ ನಿಂತೆ. ಕಣ್ಣು ಬಿಡಲು ಆಗಲಿಲ್ಲ, ಆದರೂ ಕಳಿಸಿದೆ.