ಗೆರಟೆಯ ಹೊಗೆಯಲ್ಲ, ಅಬ್ಬಾಸಿಚ್ಚ

ಗಿರಿಜಕ್ಕ ಕೇಳಿದ ಮೇಲೆ ನಿಮ್ಮ ಹೆಸರು ಹೇಳಿದೆನೋ, ಕೇಳುವ ಮೊದಲೇ ಹೇಳಿದೆನೋ— ಈಗ ಖಚಿತವಿಲ್ಲ. ಅಂದಿನ ಗಾಳಿಯನ್ನೂ ನೆನಪು ಒಂದೊಂದು ಸಲ ಒಂದೊಂದು ದಿಕ್ಕಿಗೆ ತಿರುಗಿಸುತ್ತದೆ. ಸುಳ್ಳು ಹೇಳಿದವನು ಮಾತ್ರ ನಾನೇ, ಅಬ್ಬಾಸಿಚ್ಚ.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನಮ್ಮೂರು ಶಿರಿಯಕ್ಕೆ ಮರಳಿದ ವರ್ಷ ಅದು. ಹಳೆಯ ನೈಲಾನ್ ಮೀನುಬಲೆಗಳ ಅಂಚಿನಲ್ಲಿದ್ದ ಸೀಸ ತೆಗೆದು ಹೊಸ ಬಲೆಗೆ ಭಾರದ ಗುಂಡು ಎರಕ ಹೊಯ್ಯಬೇಕಿತ್ತು. ಅಪ್ಪನಾದರೆ ಕೂತು ಒಂದೊಂದೇ ಕೊಯ್ದು ತೆಗೆಯುತ್ತಿದ್ದರು. ನನಗೆ ಆ ತಾಳ್ಮೆ ಇರಲಿಲ್ಲ. ಮಧ್ಯಾಹ್ನ ಅವರು ಮಲಗಿದ್ದಾಗ ಹೊಳೆಬದಿಯ ದೋಣಿ ಶೆಡ್ಡಿನ ಹಿಂದೆ ಬಲೆಗಳನ್ನು ರಾಶಿ ಹಾಕಿ, ಮೇಲೊಂದು ಹರಿದ ಪ್ಲಾಸ್ಟಿಕ್ ಟರ್ಪಾಲು ಎಸೆದು ಬೆಂಕಿ ಕೊಟ್ಟೆ. ಆ ಹೊಗೆಯಲ್ಲಿ ಏನೇನಿರುತ್ತದೆಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು—

ಮನೆಗೆ ಬರುವಾಗ ಪಕ್ಕದ ಮನೆಯ ಗಿರಿಜಕ್ಕ ಮೂಗಿಗೆ ಸೆರಗು ಒತ್ತಿ ಬೇಲಿಯ ಬಳಿ ನಿಂತಿದ್ದರು. ಅವರಿಗೆ ಮೊದಲೇ ದಮ್ಮು.

“ಎಂತ ಹೊಗೆ ಮಾರಾಯ ಇದು? ಉಸಿರೇ ಒಳಗೆ ಹೋಗುದಿಲ್ಲ.”

“ಅಬ್ಬಾಸಿಚ್ಚನ ಕೊಬ್ಬರಿ ಒಲೆಯದ್ದು, ಅಕ್ಕ.” ತೆಂಗಿನ ಚಿಪ್ಪು, ಅಂದರೆ ಗೆರಟೆ ಉರಿಸಿ ನೀವು ಕೊಬ್ಬರಿ ಒಣಗಿಸುತ್ತಿದ್ದ ಒಲೆ.

ಸಂಜೆ ಅವರನ್ನು ಆಸ್ಪತ್ರೆಗೆ ಒಯ್ದರು. ಮರುದಿನ ಅವರ ಇಬ್ಬರು ಗಂಡುಮಕ್ಕಳು ನಿಮ್ಮ ಅಂಗಳಕ್ಕೆ ಬಂದರು. ನಾನೂ ಹಿಂದೆ ನಿಂತಿದ್ದೆ.

“ಗೆರಟೆ ಸಾಲದೆ ಒಲೆಗೆ ಪ್ಲಾಸ್ಟಿಕ್ಕೂ ತುಂಬಿಸ್ತೀರಾ?” ಎಂದ ದೊಡ್ಡವನು.

“ನಿನ್ನೆ ನಾವು ಮದುವೆಗೆ ಹೋದದ್ದು ಮಕ್ಕಳೇ. ಬೀಗ ಹಾಕಿದ ಮನೆ ಹೊಗೆ ಬಿಡುದುಂಟಾ?”

“ಒಲೆ ಹಚ್ಚಲಿಕ್ಕೆ ನೀವೇ ಬೇಕಾ? ನಿಮ್ಮ ಆಳು ಇಲ್ಲವಾ?”

ಆಗ ನೀವು ನನ್ನತ್ತ ತಿರುಗಿದಿರಿ. “ನೀನು ಓದಿದವ. ನೀನಾದರೂ ಹೇಳು.”

ನಾನು ಚಪ್ಪಲಿಯ ಮರಳು ಕೊಡವುತ್ತಿದ್ದೆ.

ಆ ಮಳೆಗಾಲಕ್ಕೆ ಮುಂಚೆ ನೀವು ಒಲೆ ಒಡೆದಿರಿ; ಕೊಬ್ಬರಿ ಬಿಟ್ಟು ಹಸಿ ತೆಂಗಿನಕಾಯಿಯನ್ನೇ ಸಿಕ್ಕಿದ ಕ್ರಯಕ್ಕೆ ಮಾರತೊಡಗಿದಿರಿ. ಗಿರಿಜಕ್ಕ ಚೇತರಿಸಿಕೊಂಡು ಬಂದರು. ಆದರೆ ನೀವು ಹಬ್ಬಕ್ಕೆ ಕಳಿಸಿದ ತಿಂಡಿಯನ್ನು ಅವರು ಸಾಯುವವರೆಗೂ ಮುಟ್ಟಲಿಲ್ಲ.

ನಿಮ್ಮ ಆಳು ನಿಜವಾಗಿಯೂ ಒಲೆ ಹಚ್ಚಿರಬಹುದು, ಎರಡು ಹೊಗೆ ಬೆರೆತಿರಬಹುದು— ಹೀಗೆ ಎಷ್ಟೋ ವರ್ಷ ನನ್ನೊಳಗೇ ವಾದಿಸಿದೆ. ಸಂಶಯಪಡಲು ವಿಶ್ವವಿದ್ಯಾಲಯ ಕಲಿಸಿತ್ತು. ಸಂಶಯದೊಳಗೆ ಅಡಗಿ ಕೂರಲು ನಾನೇ ಕಲಿತೆ.

ಗಿರಿಜಕ್ಕನ ಮಕ್ಕಳಿಗೆ ನಿನ್ನೆ ಎಲ್ಲವನ್ನೂ ಹೇಳಿದೆ. ಅದಕ್ಕೂ ಮೊದಲು ಉಪ್ಪಳಕ್ಕೆ ಹೋಗಿ ನಿಮ್ಮ ತಂಗಿಯನ್ನು ಕೇಳಿದ್ದೆ. ಅಂದು ಅವರ ಮಗಳ ಮದುವೆಗೆ ನಿಮ್ಮ ಆಳೂ ಬಂದಿದ್ದನಂತೆ. ನಿಮ್ಮ ಒಲೆಯ ಗೆರಟೆಯನ್ನೆಲ್ಲ ಹಿಂದಿನ ದಿನವೇ ಜೀಪಿಗೆ ತುಂಬಿ, ಮದುವೆಯೂಟದ ತುಪ್ಪದನ್ನ— ನೆಯ್ಚೋರು— ಬೇಯಿಸಲು ಅಲ್ಲಿಗೆ ಒಯ್ದಿದ್ದಿರಿ.