ಒಳಗೆ ಬಿಟ್ಟ ಬಟ್ಟೆ

ಅವರ ಎಡಗೈ ಹೆಬ್ಬೆರಳಿನ ಉಗುರು ಉದ್ದವಾಗಿ, ದಪ್ಪವಾಗಿ, ಹಳದಿಗಟ್ಟಿ ಬೆಳೆದಿತ್ತು. ಉಳಿದ ಒಂಬತ್ತನ್ನೂ ವಾರಕ್ಕೊಮ್ಮೆ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಅದೊಂದಕ್ಕೆ ಮಾತ್ರ ಕೈ ಹಚ್ಚುತ್ತಿರಲಿಲ್ಲ. ಬಟ್ಟೆ ಮಡಿಚಿ ಆ ಉಗುರಿನಿಂದ ಒಮ್ಮೆ ಎಳೆದರೆ ಸಾಕು, ಇಸ್ತ್ರಿ ಹಾಕಿದ ಹಾಗೆ ಗೆರೆ ಬೀಳುತ್ತಿತ್ತು. ಕೊರಳಲ್ಲಿ ತುಳಸಿ ಮಾಲೆ, ಅದರ ಮೇಲೆ ಅಳತೆಯ ಟೇಪು, ತುಟಿಯ ನಡುವೆ ಎರಡು ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಗದಗ ಸ್ಟೇಷನ್ನಿನಿಂದ ಬೆಟಗೇರಿಯ ಕಡೆ ಹೋಗುವ ದಾರಿಯಲ್ಲಿ ಅವರ ಹೊಲಿಗೆ ಅಂಗಡಿ. ನಾನು ಅವರನ್ನು ಸಿಂಪಿಗ ಕಾಕಾ ಎಂದು ಕರೆಯುತ್ತಿದ್ದೆ.

ನಮ್ಮದು ರೈಲ್ವೆ ಕ್ವಾರ್ಟರ್ಸಿನ ಕ್ರೈಸ್ತ ಕುಟುಂಬ. ಅಜ್ಜ ಗೋವೆಯ ಕಡೆಯಿಂದ ರೈಲಿನ ಕೆಲಸಕ್ಕೆ ಬಂದವನಂತೆ. ನಾವು ಬಾಯಿ ತೆರೆದರೆ ಅಪ್ಪಟ ಗದಗಿನವರು. ಅದರಲ್ಲೂ ನನ್ನ ಬಾಯಿ! ನಳದ ಕಟ್ಟೆಯಲ್ಲಿ ನಾನು ಕೊಡ ಇಟ್ಟೆನೆಂದರೆ ದೊಡ್ಡ ದೊಡ್ಡ ಹೆಂಗಸರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಜಗಳ ಮುಗಿದ ಮೇಲೆ ಮನೆಗೆ ಬಂದು, ಏಸುವಿನ ಪಟದ ಮುಂದೆ ಕೂತು ಹೋ ಎಂದು ಅಳುತ್ತಿದ್ದವಳೂ ನಾನೇ. ಅವ್ವ ರೊಟ್ಟಿ ಬಡಿಯುವುದು ಬಿಟ್ಟು ಬಂದು, "ಬೈಯಾಕಿನೂ ನೀನ, ಅಳಾಕಿನೂ ನೀನ. ಬೈಸಿಕೊಂಡವರು ಏನ ಮಾಡಬೇಕ?" ಎನ್ನುತ್ತಿದ್ದಳು.

ಪಂಢರಪುರಕ್ಕೆ ನಡೆದು ಹೋಗುವ ಸಿಂಪಿಗನಿಗೂ ಅವರ ಅಂಗಡಿಗೆ ಬಟ್ಟೆ ಕಳಿಸುತ್ತಿದ್ದ ನಮ್ಮ ಸನ್ಯಾಸಿನಿಯರಿಗೂ ಎಲ್ಲಿಂದೆಲ್ಲಿಯ ನಂಟು ಎಂದು ಕೇಳಬಹುದು. ಕಾಕಾನ ತಂದೆ ಯಾವುದೋ ಕಾಲದಲ್ಲಿ ನಮ್ಮ ಇಗರ್ಜಿಯ ಒಬ್ಬ ಪಾದ್ರಿಗೆ ನಿಲುವಂಗಿ ಹೊಲಿದು ಕೊಟ್ಟಿದ್ದರಂತೆ. ಅದು ಚೆನ್ನಾಗಿ ಬಂದದ್ದೇ ನೆಪ, ಬಾಯಿಂದ ಬಾಯಿಗೆ ಹೋಗಿ ಹುಬ್ಬಳ್ಳಿ, ಧಾರವಾಡ, ಕರಾವಳಿಯ ಕಾನ್ವೆಂಟುಗಳಿಂದಲೂ ಬಟ್ಟೆಯ ಗಂಟುಗಳು ಬರತೊಡಗಿದವು. ಹೊಸದು ಹೊಲಿಯುವುದಕ್ಕಿಂತ ಹಳೆಯದಕ್ಕೆ ತೇಪೆ ಹಾಕುವ ಕೆಲಸವೇ ಹೆಚ್ಚು. ಯಾವ ಸನ್ಯಾಸಿನಿ ಸಭೆಯ ಹೆಸರೂ ಕಾಕಾನ ನಾಲಿಗೆಗೆ ಹೊರಳುತ್ತಿರಲಿಲ್ಲ. ಅವರಿಗೆ ಇದ್ದದ್ದು ಕಂದು ಬಟ್ಟೆಯವರು, ಬೂದು ಬಟ್ಟೆಯವರು, ಬಿಳಿ ಬಟ್ಟೆಯವರು. ಆದರೆ ಯಾರು ಹೇಗೆ ಬದುಕುತ್ತಾರೆ ಎಂಬುದು ನಮ್ಮ ಫಾದರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಅಳತೆ ತೆಗೆಯುವ ಮೊದಲು ಯಾರಿಗಾದರೂ ಅವರದು ಒಂದೇ ಪ್ರಶ್ನೆ: "ಕುಂತು ಮಾಡೋ ಕೆಲಸೋ, ನಿಂತು ಮಾಡೋ ಕೆಲಸೋ?" ಆಮೇಲೆ ಬಗ್ಗಿಸಿ, ಕೂರಿಸಿ, ಕೈ ಎತ್ತಿಸಿ ನೋಡುತ್ತಿದ್ದರು. "ನೆಟ್ಟಗ ನಿಂತಾಗ ಎಲ್ಲಾರೂ ಸರದಾರರ. ಬಗ್ಗಿದಾಗ ನೋಡಬೇಕು," ಎನ್ನುವರು. ಬಟ್ಟೆಯಿಲ್ಲದೆ ಸುಮ್ಮನೆ ಕತ್ತರಿ ಆಡಿಸಿದರೆ ಮಾತ್ರ ಕೆಂಡವಾಗುತ್ತಿದ್ದರು. "ಇಡು ಕೆಳಗ! ಖಾಲಿ ಕತ್ತರಿ ಆಡಿಸಿದ್ರ ಮನ್ಯಾಗ ಜಗಳ ಹತ್ತತಾವು. ನಿಮ್ಮ ಮನ್ಯಾಗ ನೀ ಇರೂದ ಸಾಕಾಗೇತಿ!"

ಸ್ವಾತಂತ್ರ್ಯ ಬಂದ ವರ್ಷ ಶ್ರಾವಣದಲ್ಲಿ ಅವರ ಅಂಗಡಿಯೆಲ್ಲ ಬಾವುಟ. ನಾನೂ ಅಂಚು ಮಡಿಚಲು ಹೋಗಿ ಕೂತಿದ್ದೆ. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯೊಬ್ಬ ಬಂದು ತನಗೂ ಒಂದು ಬೇಕೆಂದ. ಕಾಕಾ ಕೇಳಿದರು, "ಕೈಯಾಗ ಹಿಡಿಯೂದೋ, ಕಂಬಕ್ಕ ಏರಿಸೂದೋ?"

ಆತ ಅತ್ತಿತ್ತ ನೋಡಿ, "ನಮ್ಮೂರಾಗ ಇನ್ನೂ ಸಂಸ್ಥಾನದ ಆಳಿಕಿ ಐತಿ. ಏರಿಸಾಕ ಬಿಡತಾರೋ ಇಲ್ಲೋ. ಸದ್ಯಕ್ಕ ಪೆಟ್ಟಿಗ್ಯಾಗ ಇಡೂದ್ರಿ," ಎಂದ.

ಕಾಕಾ ಹೊಲಿದು ಕೊಟ್ಟರು. ಆತ ಬಿಡಿಸಿ ನೋಡಿದ. ಒಂದು ಬದಿಗೆ ಹಗ್ಗ ತೂರಿಸುವ ಮಡಿಕೆ ಇತ್ತು. "ಇದ್ಯಾಕ ಮಾಡಿದ್ರಿ? ಪೆಟ್ಟಿಗ್ಯಾಗ ಇಡೂದು ಅಂದಿದ್ನೆಲ್ಲ!"

"ಇರಲಿ ಬಿಡ್ರಿ. ಅದೇನು ಅನ್ನಾ ಕೇಳತೈತೇನು?" ಎಂದು ಕಾಕಾ ಮುಂದಿನದನ್ನು ಕೈಗೆತ್ತಿಕೊಂಡರು. ಆಗ ನನಗೆ ಅದೊಂದು ತಮಾಷೆಯಷ್ಟೆ.

ಅದೇ ವರ್ಷ ನಾನು ಸನ್ಯಾಸಿನಿಯಾಗುತ್ತೇನೆಂದು ಹಟ ಹಿಡಿದೆ. ಹೋಗುವುದು ಖಚಿತ, ಎಲ್ಲಿಗೆ ಎಂಬುದೇ ಪ್ರಶ್ನೆ. ಫಾದರ್ ಎರಡು ಕಡೆ ಬರೆದು ವಿಚಾರಿಸಿದ್ದರು. ಒಂದು, ಹಳ್ಳಿ ಹಳ್ಳಿ ತಿರುಗಿ ರೋಗಿಗಳನ್ನು ನೋಡುವ ಸಿಸ್ಟರುಗಳ ಸಭೆ. ಇನ್ನೊಂದು ಕರಾವಳಿಯ ಮೌನಮಠ. ಒಳಗೆ ಹೋದವರು ಮತ್ತೆ ಹೊರಗೆ ಬರುವುದಿಲ್ಲ, ದಿನದಲ್ಲಿ ಒಂದು ತಾಸು ಬಿಟ್ಟರೆ ಮಾತಿಲ್ಲ, ಪ್ರಾರ್ಥನೆಯೇ ಕೆಲಸ. ನಾನು ಮೌನಮಠವನ್ನೇ ಆರಿಸಿದೆ. ಈ ಬಾಯಿಗೆ ಅದೇ ಔಷಧ ಎಂದು ನನ್ನ ಲೆಕ್ಕ. ಎಷ್ಟು ಕಹಿಯೋ ಅಷ್ಟು ಪುಣ್ಯ ಎಂದುಕೊಂಡಿದ್ದೆ. ಹದಿನೆಂಟರ ಬುದ್ಧಿ, ಏನು ಹೇಳುವುದು!

ಉಮೇದುವಾರಳು ತರಬೇಕಾದ ಬಟ್ಟೆಯ ಪಟ್ಟಿ ಹಿಡಿದು ಕಾಕಾನ ಅಂಗಡಿಗೆ ಹೋದೆ. ಎರಡು ಕಪ್ಪು ನಿಲುವಂಗಿ, ನೆಲಕ್ಕೆ ತಾಗುವಷ್ಟು ಉದ್ದ, ಅಗಲ ಕಡಿಮೆ, ಜೇಬು ಇಲ್ಲ. ಯಾವ ಸಭೆಯಾದರೂ ಹೊಸಬರಿಗೆ ಮೊದಲು ಕಪ್ಪೇ. ಕಾಕಾ ಪಟ್ಟಿ ಓದಿಸಿಕೊಂಡು ಕೇಳಿದರು, "ಇದು ಕಂದು ಬಟ್ಟೆಯವರದಲ್ಲ? ಗ್ವಾಡಿ ಒಳಗಿನವರದು?"

"ಹೌದ್ರಿ ಕಾಕಾ."

ಅವರು ಎದ್ದು ಮೂಲೆಯಿಂದ ತೇಪೆಗೆ ಬಂದ ಎರಡು ಗಂಟು ತಂದು ನನ್ನ ಮುಂದೆ ಬಿಚ್ಚಿದರು. ಮೊದಲನೆಯದು ಕಂದು. ಮೊಣಕಾಲಿನ ಜಾಗದಲ್ಲಿ ಬಟ್ಟೆ ಜರಡಿಯಾಗಿತ್ತು. ಅಂಚು ಮಾತ್ರ ನಿನ್ನೆ ಹೊಲಿದಂತಿತ್ತು. "ನೋಡು. ಇವರು ಮೊಣಕಾಲಾಗ ನಡೀತಾರ," ಎಂದರು. ಎರಡನೆಯದು ಬಿಳಿ, ಹಳ್ಳಿ ತಿರುಗುವವರದು. ಅದರ ಅಂಚು ಪೂರಾ ಎಳೆ ಎಳೆ, ಜೇಬಿನ ಬಾಯಿ ಹರಿದಿತ್ತು. "ಇವರು ಕಾಲಾಗ ನಡೀತಾರ. ಈಗ ನೀ ಉಟ್ಟಿದ್ದು ನೋಡಕೋ."

ನೋಡಿಕೊಂಡೆ. ನನ್ನ ಲಂಗದ ಅಂಚು ನಾಯಿ ಎಳೆದಾಡಿದ ಹಾಗಿತ್ತು. ಎಡ ಸೊಂಟದ ಬಳಿ ಬಣ್ಣವೇ ಹೋಗಿತ್ತು. ಕೊಡ ಹೊತ್ತು, ಕೇರಿಯ ಕೂಸುಗಳನ್ನೆಲ್ಲ ಅಲ್ಲೇ ಕೂರಿಸಿಕೊಂಡು ತಿರುಗಿದ ಗುರುತು. ಮೊಣಕಾಲಿನ ಜಾಗ ಮಾತ್ರ ಅಂಗಡಿಯಿಂದ ತಂದಂತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ಅಂದ್ರ ನಾ ಪ್ರಾರ್ಥನಾ ಮಾಡೂದಿಲ್ಲ ಅಂತೀರೇನ್ರಿ?"

"ಮಾಡ್ತಿ ಯವ್ವಾ. ನಡಕೋತ ಮಾಡ್ತಿ. ಪಂಢರಪುರಕ್ಕ ಹೋಗೋರೂ ಎಲ್ಲಾರೂ ಒಂದ ಥರ ಹೋಗೂದಿಲ್ಲ. ಒಬ್ಬಾಂವ ಹಾಡಕೋತ ಹೊಂಟಿರತಾನ, ಒಬ್ಬಾಂವ ಹಿಂದಿನವರಿಗೆ ನೀರು ಹೊತಗೊಂಡು ಹೊಂಟಿರತಾನ. ವಿಠ್ಠಲ ಇಬ್ಬರಿಗೂ ಸಿಗತಾನ. ಹಾಡಾಂವನ ಹೆಗಲಿಗೆ ಕೊಡ ಕೊಟ್ರ ಮಾತ್ರ ಇಬ್ಬರದೂ ಕೆಡತೈತಿ."

"ನಿಮ್ಮ ವಿಠ್ಠಲನ ಮಾತು ನಮ್ಮ ಮಠಕ್ಕ ಯಾಕ್ರಿ? ನಿಮಗ ಹೊಲ್ಯಾಕ ಆಗತೈತೋ ಇಲ್ಲೋ ಅಷ್ಟು ಹೇಳ್ರಿ. ಇಲ್ಲಾಂದ್ರ ಊರಾಗ ಬ್ಯಾರೆ ಸಿಂಪಿಗರಿದ್ದಾರ."

ಎಂಥ ಮಾತು ಆಡಿಬಿಟ್ಟೆ! ಇವತ್ತಿಗೂ ನೆನೆದರೆ ಮೈ ಹಿಡಿಯಾಗುತ್ತದೆ. ಕಾಕಾ ಸೂಜಿ ಬಾಯಿಗಿಟ್ಟುಕೊಂಡು ಟೇಪು ತೆಗೆದರು. ಪಟ್ಟಿಯಲ್ಲಿದ್ದ ಹಾಗೆಯೇ ನಿಲ್ಲಿಸಿ ಅಳತೆ ತೆಗೆದರು. ಬಗ್ಗು ಎನ್ನಲಿಲ್ಲ, ಕೂಡು ಎನ್ನಲಿಲ್ಲ. ಎಂಟು ದಿನಕ್ಕೆ ನಿಲುವಂಗಿ ಸಿದ್ಧವಾದವು. ನಾನು ಸರಿಯಾಗಿ ಮಾತೂ ಆಡದೆ ಇಸಿದುಕೊಂಡು ಬಂದೆ.

ಮೌನಮಠದ ಬಗ್ಗೆ ಕೆಟ್ಟದ್ದು ಹೇಳಿದರೆ ನನ್ನ ಬಾಯಲ್ಲಿ ಹುಳು ಬೀಳಲಿ. ಅಲ್ಲಿನ ತಾಯಂದಿರ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅದು ಅವರದು. ನಾನು ಮೌನವನ್ನು ಉಸಿರು ಕಟ್ಟಿ ನೀರಲ್ಲಿ ಮುಳುಗಿದವಳಂತೆ ಹಿಡಿದಿರುತ್ತಿದ್ದೆ. ಜೊತೆಗೆ ಮೊಣಕಾಲೂರಿ ಕೂತಾಗಲೆಲ್ಲ ನಿಲುವಂಗಿಯ ಎರಡೂ ಪಕ್ಕಗಳಲ್ಲಿ, ಸೊಂಟದ ಬಳಿ, ಏನೋ ದಪ್ಪನೆಯದು ಒತ್ತುತ್ತಿತ್ತು. ಕಾಕಾನಿಗೆ ವಯಸ್ಸಾಯಿತು, ಕೈ ಕೆಟ್ಟಿತು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಮೌನಮಠದಲ್ಲಿ ಮನಸ್ಸಿನೊಳಗೆ ಬೈಯಲು ಅಡ್ಡಿಯಿಲ್ಲವಲ್ಲ!

ಹತ್ತು ತಿಂಗಳಾಗಿತ್ತು. ಒಂದು ಮಧ್ಯಾಹ್ನ, ಮೌನದ ಹೊತ್ತಿನಲ್ಲಿ, ತೋಟದ ಮುದಿ ಸಿಸ್ಟರಿಗೆ ಚೇಳು ಕಡಿಯಿತು. ಆಕೆ ತುಟಿ ಕಚ್ಚಿ ಕೂತಿದ್ದರು. ನಾನು ಮಠವೇ ನಡುಗುವಂತೆ ಕೂಗಿ, ಆಕೆಯನ್ನು ಎತ್ತಿಕೊಂಡು ಹೋಗಿ ಜಗಲಿಯ ಮೇಲೆ ಮಲಗಿಸಿ, ಬಾಗಿಲು ತೆರೆದು ಬೀದಿಗೇ ಓಡಿ ವೈದ್ಯರನ್ನು ಕರೆತಂದೆ. ಸಿಸ್ಟರ್ ಗುಣವಾದರು. ಮಠದ ಮದರ್ ನನ್ನನ್ನು ಕರೆಸಿ ಕೈ ಹಿಡಿದು ಕೂರಿಸಿಕೊಂಡರು. "ನೀನು ಮಾಡಿದ್ದು ತಪ್ಪಲ್ಲ, ಮಗಳೇ. ಆದರೆ ಆ ಬಾಗಿಲು ತೆರೆದಾಗ ನಿನ್ನ ಮುಖ ನೋಡಿದೆ. ಇಲ್ಲಿಗೆ ಬಂದ ಮೇಲೆ ಅದು ಅರಳಿದ್ದು ಅವತ್ತೇ." ಮರುವಾರ ನನ್ನನ್ನು ಆಶೀರ್ವದಿಸಿ ಊರಿಗೆ ಕಳಿಸಿಕೊಟ್ಟರು.

ಗದಗಿನಲ್ಲಿ ಇಳಿದೆ. ಆಗಿನ ಕಾಲದಲ್ಲಿ ಮಠದಿಂದ ತಿರುಗಿ ಬಂದವಳೆಂದರೆ ಗಂಡ ಬಿಟ್ಟವಳಿಗಿಂತ ಕಡೆ. ನಳದ ಕಟ್ಟೆಯಲ್ಲಿ ನನ್ನಿಂದ ಬೈಸಿಕೊಂಡವರೆಲ್ಲ ಬಡ್ಡಿ ಸಮೇತ ತೀರಿಸುತ್ತಾರೆ ಎಂಬುದೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ದೇವರಿಗೇ ಬೇಡವಾದವಳು ನಾನು ಎಂಬ ದುಃಖ. ಟ್ರಂಕು ಹೊತ್ತವಳ ಕಾಲು ಮನೆಯ ಕಡೆ ತಿರುಗಲಿಲ್ಲ; ಸಿಂಪಿಗ ಕಾಕಾನ ಅಂಗಡಿಗೆ ಹೋಯಿತು.

ಕಾಕಾ ತಲೆ ಎತ್ತಿ ನೋಡಿದರು. "ಬಂದಿ? ಕುಂಡ್ರು," ಎಂದರು. ಚಹಾ ತರಿಸಿ ಬಸಿಗೆ ಸುರಿದು ನನ್ನ ಮುಂದಿಟ್ಟರು. "ಎರಡನೇ ನಿಲುವಂಗಿ ಪೆಟ್ಟಿಗ್ಯಾಗ ಐತಲ್ಲ? ಕೊಡಿಲ್ಲೆ."

"ಕಾಕಾ, ದೇವರು ನನ್ನ ಒಲ್ಲೆ ಅಂದಾನ್ರಿ," ಎಂದವಳೇ ಅತ್ತುಬಿಟ್ಟೆ.

"ಥೂ ಹುಚ್ಚಿ. ಅಳತಿ ತಪ್ಪಿತ್ತು, ಅಷ್ಟ. ಅಳತಿ ತಪ್ಪಿದ್ರ ಬಟ್ಟಿ ಕೆಟ್ಟದ್ದು ಅಂತಾರೇನು?" ಎನ್ನುತ್ತ ನಿಲುವಂಗಿ ತಿರುವಿ ಹಾಕಿ, ಸೊಂಟದ ಬಳಿ ಒತ್ತುತ್ತಿದ್ದ ಜಾಗಕ್ಕೇ ಬ್ಲೇಡು ತಾಗಿಸಿದರು. ಕಚ್ಚಾ ಹೊಲಿಗೆ. ದಾರ ಒಂದೇ ಎಳೆತಕ್ಕೆ ಬಂತು. ಒಳಗೆ ಎರಡೂ ಪಕ್ಕ ಒಂದೊಂದು ಗೇಣು ಬಟ್ಟೆ ಮಡಿಚಿಟ್ಟಿದ್ದರು. ಅದರ ಸಂದಿಯಲ್ಲಿ ಎರಡು ಆಳವಾದ ಜೇಬು, ಬಾಯಿ ಹೊಲಿದಿಟ್ಟದ್ದು. ಆ ಬಾಯಿಗಳನ್ನೂ ಬಿಚ್ಚಿದರು. ಆಮೇಲೆ ಕೆಳಗಿನ ಅಂಚನ್ನು ಕಾಲಿನ ಹರಡಿಗೆ ಸರಿಯಾಗಿ ಮಡಿಚಿ ಹೆಬ್ಬೆರಳ ಉಗುರಿನಿಂದ ಎಳೆದರು. ನೋಡುತ್ತಿದ್ದ ಹಾಗೆಯೇ ಮೌನಮಠದ ನಿಲುವಂಗಿ ಹಳ್ಳಿ ತಿರುಗುವ ಸಿಸ್ಟರುಗಳ ನಿಲುವಂಗಿಯಾಯಿತು.

ನನ್ನ ಅಳು ನಿಂತುಹೋಯಿತು. "ಹತ್ತು ತಿಂಗಳ ಹಿಂದನ ಗೊತ್ತಿತ್ತು ಹೌದಲ್ಲೊ? ಮತ್ತ ಯಾಕ ನನ್ನ ಹೋಗಾಕ ಬಿಟ್ರಿ?"

"ಹೇಳಿದ್ನೆಲ್ಲ! ನೀ ಬ್ಯಾರೆ ಸಿಂಪಿಗನ ಕಡೆ ಹೊಂಟಿದ್ದಿ. ಹೋಗಲಿಲ್ಲಂದ್ರ ಜೀವ ಇರೋತನಕ ಆ ಗ್ವಾಡಿ ಕಡೆ ನೋಡಕೋತ ಕುಂಡ್ರತಿದ್ದಿ. ನಂದ ತಪ್ಪಾಗಿ ನಿನಗ ಅಲ್ಲೇ ಹೊಂದಿದ್ದರ, ಈ ಹೊಲಿಗಿ ಯಾರೂ ಬಿಚ್ಚತಿರಲಿಲ್ಲ. ಅದೇನು ಅನ್ನಾ ಕೇಳತೈತೇನು?"

ಲಕ್ಷ್ಮೇಶ್ವರದ ವ್ಯಾಪಾರಿ ಆಗ ನೆನಪಾದ. ಅಂಗಡಿಯ ಹಲಗೆಯ ಮೇಲೆ ಕೂತು ನಗುತ್ತ ಅಳುತ್ತ ಚಹಾ ಕುಡಿದೆ. ಮನೆಗೆ ಕಾಕಾನೇ ಟ್ರಂಕು ಹೊತ್ತು ಬಂದರು. ಬಾಗಿಲಲ್ಲಿ ಬಾಯಿ ತೆರೆಯಹೊರಟ ಅವ್ವನಿಗೆ, "ವೈನಿ, ಹುಡುಗಿ ಸೋತು ಬಂದಿಲ್ಲ. ಕಚ್ಚಾ ಹೊಲಿಗಿ ಹಾಕಿ ನೋಡಿ ಬಂದಾಳ. ಪಕ್ಕಾ ಹೊಲಿಗಿ ಇನ್ನ ಮ್ಯಾಲೆ," ಎಂದರು. ಕೇರಿಯಲ್ಲಿ ಯಾರು ಏನೇ ಅಂದರೂ ಅವ್ವ ಕೊನೆಯವರೆಗೂ ಆ ಮಾತನ್ನೇ ಹೇಳಿದಳು.

ಮುಂದಿನ ಮಳೆಗಾಲಕ್ಕೆ ಅದೇ ನಿಲುವಂಗಿ ತೊಟ್ಟು ಎರಡನೆಯ ಸಭೆ ಸೇರಿದೆ. ನರ್ಸಿಂಗ್ ಕಲಿತೆ. ನನ್ನನ್ನು ಶಿರಹಟ್ಟಿಯ ಸೀಮೆಯ ಒಂದು ಚಿಕ್ಕ ದವಾಖಾನೆಗೆ ಹಾಕಿದರು. ನನ್ನ ಬಾಯಿಗೆ ಅಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಬಾಣಂತಿಗೆ ನೀರು ಕೊಡಬಾರದೆನ್ನುವ ಅತ್ತೆಯರನ್ನೂ, ದವಾಖಾನೆಗೆ ಹೆಂಡತಿಯನ್ನು ಕಳಿಸದ ಗಂಡಂದಿರನ್ನೂ ನಾನು ಬೈದ ಹಾಗೆ ಇನ್ನಾರೂ ಬೈಯುತ್ತಿರಲಿಲ್ಲ. ಬೈಸಿಕೊಂಡವರೇ ಜೋಳದ ಹಿಟ್ಟು ತಂದುಕೊಡುತ್ತಿದ್ದರು.

ಕನ್ನಡ ಸೀಮೆಯೆಲ್ಲ ಒಂದು ರಾಜ್ಯವಾದ ವರ್ಷದ ಚಳಿಗಾಲದಲ್ಲಿ ಕಾಕಾ ಹಾಸಿಗೆ ಹಿಡಿದಿದ್ದಾರೆಂಬ ಖಬರು ಬಂತು. ನಮ್ಮ ಸಭೆಯ ಮದರ್ ಅವರ ಅಪ್ಪಣೆ ಪಡೆದು ಬಸ್ಸು ಹತ್ತಿದೆ. ಕಾಕಾನ ಕಣ್ಣು ಪೂರ್ತಿ ಹೋಗಿತ್ತು. ಕೊರಳಲ್ಲಿ ತುಳಸಿ ಮಾಲೆ ಮಾತ್ರ, ಟೇಪು ಇರಲಿಲ್ಲ. ಧ್ವನಿಯಿಂದಲೇ ಗುರುತು ಹಿಡಿದರು.

"ರಾಜ್ಯ ಕೂಡಿಸಿದ್ರಂತ ಹೌದೇನಲೇ? ಮುಂಬೈ ತುಂಡು, ನಿಜಾಮನ ತುಂಡು, ಮೈಸೂರ ತುಂಡು?"

"ಹೌದ್ರಿ ಕಾಕಾ."

"ಹೊಲಿಗಿ ಕಾಣತಿರಬೇಕು. ನಾಕು ಸಲ ಒಗದ್ರ ಕೂಡಿಕೊಂತೈತಿ," ಎಂದು ಕೈ ಚಾಚಿದರು. ನಾನು ಮಂಚದ ಹತ್ತಿರ ಸರಿದೆ. ಅವರ ಬೆರಳು ನನ್ನ ನಿಲುವಂಗಿಯ ಅಂಚನ್ನು ಹುಡುಕಿ ಹಿಡಿಯಿತು. ಹೆಬ್ಬೆರಳ ಉಗುರು ಅಂಚಿನ ಗುಂಟ ಮೆಲ್ಲಗೆ ಸರಿಯಿತು.

"ಎಳಿ ಎಳಿ ಆಗೇತಿ. ಚಲೋ ಆತು," ಎಂದರು. "ತೇಪಿ ಯಾರು ಹಾಕ್ಯಾರ? ಭಾಳ ಕೆಟ್ಟದಾಗೇತಿ."

"ನಾನ್ರಿ."

"ಗೊತ್ತಾತು ಬಿಡು," ಎಂದು ನಕ್ಕರು. ಕೈ ಇನ್ನೂ ಮೇಲೆ ಬಂತು, ಮೊಣಕಾಲಿನ ಜಾಗದಲ್ಲಿ ನಿಂತಿತು. ಅಲ್ಲಿ ಬಟ್ಟೆ ಜರಡಿಯಾಗಿತ್ತು. ಕುರುಡು ಕಣ್ಣು ಅರಳಿಸಿ, "ಇದೇನಲೇ! ಮೊಣಕಾಲೂ ಸವದೈತಲ್ಲ!" ಎಂದರು.

"ಹಡಿಯೋ ಹೆಣಮಕ್ಕಳು ನೆಲದ ಮ್ಯಾಲೆ ಮಲಗಿರತಾರ್ರಿ ಕಾಕಾ. ಬಾಜೂಕ ಮೊಣಕಾಲೂರಲಿಲ್ಲಂದ್ರ ಕೂಸು ಹಿಡ್ಯಾಕ ಬರೂದಿಲ್ಲ."

ಸವೆದ ಜಾಗವನ್ನು ಬೆರಳಿನಿಂದ ಇನ್ನೊಮ್ಮೆ ಸವರಿದರು. ಆಮೇಲೆ, "ಅಂದ್ರ ಎರಡೂ ಆದವು," ಎಂದರು. "ಇದು ಮಾತ್ರ ನನಗ ಗೊತ್ತಿರಲಿಲ್ಲ ನೋಡು." ನಾನು ಅವರ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ. ಎಂಟು ದಿನಕ್ಕೆ ಅವರು ತೀರಿಕೊಂಡರು.

ಈಗ ನಾನೂ ಮುದುಕಿ. ತಿರುಗಾಟ ನಿಂತಿದೆ, ನಮ್ಮಲ್ಲಿಗೆ ಹೊಸದಾಗಿ ಬರುವ ಹುಡುಗಿಯರ ಬಟ್ಟೆ ಹೊಲಿಯುವ ಕೆಲಸ ಕೇಳಿ ತೆಗೆದುಕೊಂಡಿದ್ದೇನೆ. ಎಡಗೈ ಹೆಬ್ಬೆರಳಿನ ಉಗುರನ್ನೂ ಬೆಳೆಸಿದ್ದೇನೆ. ಹೋದ ವಾರ ಒಬ್ಬಳು ಬಂದು, "ಸಿಸ್ಟರ್, ಸೊಂಟದ ಹತ್ತಿರ ಏನೋ ದಪ್ಪಗೆ ಒತ್ತತೈತ್ರಿ," ಎಂದು ದೂರಿದಳು.

"ವಯಸ್ಸಾಗೇತವ್ವಾ, ಕೈ ಕೆಟ್ಟೈತಿ. ಒಂದೀಟು ತಡಕೋ," ಎಂದೆ.